ಕಲ್ಲಿನಲ್ಲಿದ್ದ ಊಟವನ್ನು ಎಲೆಗೆ ಬಡಿಸಿದ್ದು

ಆ ಫೆಬ್ರವರಿ ತಿಂಗಳಿಡೀ ನಮ್ಮ ವಸ್ತುಸಂಗ್ರಹಾಲಯದ ಸಂದರ್ಶಕರ ಪುಸ್ತಕದಲ್ಲಿ ಬಿದ್ದದ್ದು ಹನ್ನೊಂದು ಸಹಿ. ಅದರಲ್ಲಿ ಮೂರು, ನೀರು ಕುಡಿಯಲು ಒಳಗೆ ಬಂದವರದು. ಕುಡಿಯುವ ನೀರಿಗೂ ಸಹಿ ಬೇಕಾ ಎಂದು ಅವರಲ್ಲಿ ಒಬ್ಬರು ಕೇಳಿದರು. ನಾನು ಪೆನ್ನು ಚಾಚಿಕೊಂಡೇ ನಿಂತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ತುರುವೇಕೆರೆಯಲ್ಲಿ ಹಳೆಯ ಕಟ್ಟಡವೊಂದರ ಎರಡು ಕೋಣೆ, ಒಂದು ಹಜಾರ, ಹಿಂದೆ ತಗಡು ಹೊದಿಸಿದ ಅಂಗಳ, ಇಷ್ಟೇ ನಮ್ಮ ಸಂಗ್ರಹಾಲಯ. ನಾಲ್ಕು ವೀರಗಲ್ಲು, ಒಂದು ಶಾಸನ, ಬೀಸುವ ಕಲ್ಲು, ಒರಳು, ದವಸ ಅಳೆಯುವ ಕೊಳಗ, ಕೆರೆ ಏರಿಯಲ್ಲಿ ಸಿಕ್ಕಿದ ಮಡಕೆ ಚೂರುಗಳು. ನಾನು ಅಲ್ಲಿ ಹಂಗಾಮಿ ಸಹಾಯಕಿ. ಬೀಗ ತೆಗೆಯುವುದು, ಧೂಳು ಹೊಡೆಯುವುದು, ಬಂದವರಿಗೆ ಕಲ್ಲು ಓದಿ ಹೇಳುವುದು ಎಲ್ಲವೂ ನನ್ನದೇ. ನಮ್ಮಪ್ಪ ಬಿಳಿಗೆರೆಯಲ್ಲಿ ತೆಂಗಿನಕಾಯಿ ಸುಲಿಯುವವನು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು, ಕಲ್ಲಿನ ಮೇಲಿನ ಹಳೆಯ ಅಕ್ಷರ ಬೆರಳಿಟ್ಟು ಓದಬಲ್ಲವಳು ನಾನೊಬ್ಬಳೇ. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ಮಾರ್ಚ್ ಮೊದಲ ವಾರ ಜಿಲ್ಲಾ ಕೇಂದ್ರದಿಂದ ಕಾಗದ ಬಂತು. ನೋಡುವವರೇ ಇಲ್ಲದ ಕಡೆ ವಸ್ತುಗಳನ್ನು ಇಟ್ಟುಕೊಳ್ಳುವುದು ಸರಿಯಲ್ಲ, ಆರು ವಾರದಲ್ಲಿ ಅಧಿಕಾರಿಯೊಬ್ಬರು ಬಂದು ಪರಿಶೀಲಿಸುತ್ತಾರೆ, ಅವರಿಗೆ ಸರಿಕಾಣದಿದ್ದರೆ ಎಲ್ಲವನ್ನೂ ಜಿಲ್ಲೆಗೆ ಸಾಗಿಸಲಾಗುವುದು ಎಂದು ಅದರಲ್ಲಿತ್ತು. ನಮ್ಮ ಸಮಿತಿಯ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು. ಕಾಗದವನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, "ಅವರು ಹೇಳೋದ್ರಲ್ಲಿ ತಪ್ಪೇನಿದೆ ಹೇಳಮ್ಮ. ಜನ ಎಲ್ಲಿ ಬರ್ತಾರೆ?" ಅಂದರು.

"ಬರೋ ಹಂಗೆ ಮಾಡಣ ಸಾರ್."

"ಏನ್ ಮಾಡ್ತೀಯಾ? ಊಟ ಹಾಕ್ತೀಯಾ?"

ಅವರು ಬೇಜಾರಿಗೆ ಅಂದದ್ದು. ನನಗೆ ಮಾತ್ರ ಆ ಮಾತು ನಾಟಿತು. ನಮ್ಮ ಶಾಸನದಲ್ಲಿ ಇದ್ದದ್ದೇ ಊಟ. ಹೊಯ್ಸಳರ ಕಾಲದ ಕಲ್ಲು ಅದು. ಊರ ಕೆರೆಯ ತೂಬು ದುರಸ್ತಿ ಮಾಡುವ ದಿನಗಳಲ್ಲಿ ಕೆಲಸದವರಿಗೆ ಊಟ ಹಾಕಬೇಕೆಂದು ಒಬ್ಬ ಗೌಡ ಗದ್ದೆ ಬಿಟ್ಟುಕೊಟ್ಟದ್ದು, ಆ ಊಟದಲ್ಲಿ ಏನೇನು ಇರಬೇಕೆಂಬುದು, ಎಲ್ಲವೂ ಕೆತ್ತಿದೆ. ಅಕ್ಕಿ, ಹೆಸರುಕಾಳು, ತುಪ್ಪ, ಮೆಣಸು, ಉಪ್ಪು, ಬೆಲ್ಲ, ಮಜ್ಜಿಗೆ, ಕೊನೆಗೆ ಅಡಿಕೆ ಎಲೆ. ಇದನ್ನು ಬಾಯಲ್ಲಿ ಓದಿ ಹೇಳಿದಾಗ ಬಂದವರು ತಲೆಯಾಡಿಸಿ ಮುಂದಿನ ಕಲ್ಲಿಗೆ ಹೋಗುತ್ತಿದ್ದರು. ಅದೇ ಊಟವನ್ನು ಬಡಿಸಿದರೆ?

ಕಾರ್ಯದರ್ಶಿಗಳು ಒಂದು ರಾತ್ರಿ ಯೋಚಿಸಿ ಒಪ್ಪಿದರು. ಅಕ್ಕಿ ಬೇಳೆಯನ್ನು ಪರಿಚಯದವರಿಂದ ತರಿಸುವ ಹೊಣೆಯನ್ನೂ ತಾವೇ ಹೊತ್ತರು.

ನಾನು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೆರೆ ಎಳೆದೆ. ಕಲ್ಲಿನಲ್ಲಿ ಬರೆದದ್ದು ಮೊದಲನೆಯದು. ಕಲ್ಲಿನಲ್ಲಿ ಇಲ್ಲದಿದ್ದರೂ ಆ ಕಾಲಕ್ಕೆ ಈ ಸೀಮೆಯಲ್ಲಿ ಇದ್ದಿರಬಹುದಾದದ್ದು ಎರಡನೆಯದು. ಆಮೇಲೆ ಪರದೇಶದಿಂದ ಹಡಗು ಹತ್ತಿ ಬಂದದ್ದು ಮೂರನೆಯದು. ಮೂರನೆಯ ಕಲಂ ತುಂಬುತ್ತಾ ಹೋದಂತೆ ನನಗೇ ದಿಗಿಲಾಯಿತು. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ ಮತ್ತು ಅದರ ಎಣ್ಣೆ, ಹುರುಳಿಕಾಯಿ, ಗೋಡಂಬಿ. ನಮ್ಮ ಮನೆಯ ಅಡುಗೆಯಿಂದ ಇಷ್ಟನ್ನು ಕಳೆದರೆ ಉಳಿಯುವುದು ಒಲೆ ಮಾತ್ರ.

ಹಾಗಾದರೆ ಮೆಣಸಿನಕಾಯಿ ಹಾಕದೆ ಅಡುಗೆ ಮಾಡಬಲ್ಲವರು ಯಾರು? ವಿಚಾರಿಸಿದಾಗ ಎಲ್ಲರೂ ಊರಿನ ಒಬ್ಬ ಅಡುಗೆ ಭಟ್ಟರ ಕಡೆ ಕೈ ತೋರಿಸಿದರು. ಅವರ ಮನೆಗೆ ಹೋಗಿ ಪಟ್ಟಿ ಓದಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿ, "ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ. ಅಷ್ಟೇ ತಾನೆ? ನಲವತ್ತು ವರ್ಷದಿಂದ ಮಾಡ್ತಿದೀನಿ ತಾಯಿ. ನೀವು ಜನ ಸೇರಿಸಿ," ಅಂದರು. ಅವರು ಹೇಳಿದ ಪದಾರ್ಥಗಳನ್ನೆಲ್ಲ ನನ್ನ ಕಲಮ್ಮುಗಳಿಗೆ ಒಂದೊಂದಾಗಿ ಹಿಡಿದು ನೋಡಿದೆ. ಎಲ್ಲವೂ ಮೊದಲ ಎರಡರಲ್ಲೇ ಬಂದವು. ನನಗೆ ಬಹಳ ಖುಷಿಯಾಯಿತು.

ಮಾರ್ಚ್ ಮೂರನೆಯ ಭಾನುವಾರ ಮಧ್ಯಾಹ್ನ ತಗಡಿನ ಅಂಗಳದಲ್ಲಿ ನಲವತ್ತು ಎಲೆ ಹಾಕಿಸಿದೆವು. ಶಾಲೆಯ ಮೇಷ್ಟ್ರುಗಳು, ಪೇಟೆಯವರು, ಕೊಬ್ಬರಿ ಮಂಡಿಯ ಸಾಹುಕಾರರು. ಈ ಸಾಹುಕಾರರು ಊರಿನಲ್ಲಿ ಮಾತು ನಡೆಯುವ ಮನುಷ್ಯ. ಅವರು ಬಂದರೆ ಹತ್ತು ಜನ ಬಂದ ಹಾಗೆ. ಮೊದಲ ಪಂಕ್ತಿಯ ಮೊದಲ ಎಲೆಗೆ ಅವರನ್ನೇ ಕೂರಿಸಿದೆ.

ಬಾಳೆಕಾಯಿ ಪಲ್ಯ ಬಂತು. ಹೆಸರುಬೇಳೆ ತೊವ್ವೆ, ಮೆಣಸಿನ ಸಾರು ಬಂದವು. ಆಮೇಲೆ ಉದ್ದಿನ ವಡೆ, ಅದರ ಪಕ್ಕಕ್ಕೆ ಎಳ್ಳುಂಡೆ. ಸಾಹುಕಾರರು ಅನ್ನಕ್ಕೆ ಕೈ ಹಾಕಿದ್ದವರು ಹಾಗೇ ಕೈ ತಡೆದರು. ಎಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು.

"ಯಾರ ತಿಥಿ ಕಣಮ್ಮ ಇದು?"

ಅಷ್ಟು ಹೇಳಿ ಎದ್ದರು. ಪಂಕ್ತಿಯಲ್ಲಿ ಹಿರಿಯರು ಎದ್ದ ಮೇಲೆ ಉಳಿದವರು ಕೂರುವುದಿಲ್ಲ. ಮೇಷ್ಟ್ರುಗಳು ಎದ್ದರು, ಪೇಟೆಯವರು ಎದ್ದರು. ಯಾರೂ ಜಗಳ ಮಾಡಲಿಲ್ಲ, ಕೂಗಾಡಲಿಲ್ಲ. ಹಿತ್ತಲ ನಲ್ಲಿಯಲ್ಲಿ ಕೈ ತೊಳೆದುಕೊಂಡು ಒಬ್ಬೊಬ್ಬರಾಗಿ ಹೋದರು. ಗ್ಯಾಲರಿಯ ಕಡೆ ಒಬ್ಬರೂ ತಿರುಗಲಿಲ್ಲ.

ಭಟ್ಟರು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನೀವು ಕೇಳಿದ್ದು ಮೆಣಸಿನಕಾಯಿ ಇಲ್ಲದ ಅಡುಗೆ. ನಂಗೆ ಗೊತ್ತಿರೋದು ಅದೊಂದೇ. ಶ್ರಾದ್ಧದ್ದು," ಅಂದರು. ಅವರ ತಪ್ಪಲ್ಲ. ನನಗೆ ಆ ಎಲೆಯ ಪರಿಚಯವೇ ಇರಲಿಲ್ಲ. ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುವ ಕ್ರಮವೇ ಬೇರೆ. ಒಂದೊಂದು ಪದಾರ್ಥವನ್ನೂ ಪರೀಕ್ಷೆ ಮಾಡಿದ್ದೆ. ಎಲ್ಲ ಸೇರಿದ ಎಲೆಯನ್ನು ನೋಡುವುದು ಬಿಟ್ಟಿದ್ದೆ.

ಮಾರನೆಯ ದಿನ ಪೇಟೆಯಲ್ಲಿ ಎಲ್ಲರೂ ನನ್ನನ್ನು ನೋಡಿ ನಕ್ಕರು. ಸೋಡಾ ಅಂಗಡಿಯವನು, "ಮೇಡಂ, ಮುಂದಿನ ತಿಥಿ ಯಾವತ್ತು?" ಅಂದ. ಕಾರ್ಯದರ್ಶಿಗಳು, "ಇಲ್ಲಿಗೆ ಬುಡಮ್ಮ. ಮರ್ಯಾದೆಯಿಂದ ಕಲ್ಲು ಕಳಿಸಿಕೊಡೋಣ," ಅಂದರು. ನಾನು ಇನ್ನೊಂದೇ ಒಂದು ಸಲ ಅಂತ ಕೇಳಿಕೊಂಡೆ. ಅಧಿಕಾರಿ ಬರಲು ಮೂರು ವಾರ ಉಳಿದಿತ್ತು. ಅವರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಆ ವಾರ ಬಿಳಿಗೆರೆಗೆ ಹೋದೆ. ಅಣ್ಣನ ಹೆಂಡತಿಗೆ ಹೆರಿಗೆಯಾಗಿ ಹತ್ತು ದಿನವಾಗಿತ್ತು. ಬಾಣಂತನ ಮಾಡಲು ಊರಿನ ಒಬ್ಬ ಅಜ್ಜಿ ಬಂದಿದ್ದಳು. ಸುತ್ತಲ ಹಳ್ಳಿಗಳಲ್ಲಿ ಎಷ್ಟು ಮಕ್ಕಳಿಗೆ ನೀರು ಹುಯ್ದಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ನಾನು ಒಳಗೆ ಕಾಲಿಡುವಾಗ ಅವಳು ತುಪ್ಪದಲ್ಲಿ ಮೆಣಸು ಬೆಳ್ಳುಳ್ಳಿ ಹುರಿಯುತ್ತಿದ್ದಳು. ಘಾಟು ಮೂಗಿಗೆ ಹೊಡೆಯಿತು. ಅತ್ತಿಗೆಯ ತಟ್ಟೆ ನೋಡಿದೆ. ಹಳೇ ಅಕ್ಕಿ ಅನ್ನ, ಮೆಣಸಿನ ಸಾರು, ತುಪ್ಪ. ನೋಡುತ್ತಾ ನಿಂತುಬಿಟ್ಟೆ.

"ಅಜ್ಜಿ, ಇದಕ್ಕೆ ಮೆಣಸಿನಕಾಯಿ ಹಾಕಲ್ವಾ?"

"ಬಾಣಂತಿಗೆ ಯಾರಾರ ಮೆಣಸಿನಕಾಯಿ ಇಕ್ತಾರಾ? ಇಷ್ಟೆಲ್ಲ ಓದ್ಕಂಡು ಅಷ್ಟೂ ಗೊತ್ತಿಲ್ವಲ್ಲೇ."

"ಟೊಮ್ಯಾಟೊ? ಆಲೂಗಡ್ಡೆ?"

"ಹೊಸಾದು ಒಂದೂ ಇಕ್ಕಲ್ಲ ಕಣವ್ವ. ನಮ್ಮವ್ವ ಏನ್ ಇಕ್ತಿದ್ಲೋ ಅದೇಯ. ಅವಳಿಗೆ ಅವರವ್ವ ಹೇಳಿಕೊಟ್ಟದ್ದು."

ನೋಟ್‌ಬುಕ್ಕು ಬ್ಯಾಗಿನಲ್ಲೇ ಇತ್ತು. ಅಲ್ಲೇ ನೆಲದ ಮೇಲೆ ಕೂತು ಬರೆಯತೊಡಗಿದೆ. ಮೂರನೆಯ ಕಲಮ್ಮಿನ ಒಂದು ಪದಾರ್ಥವೂ ಆ ಕೋಣೆಯಲ್ಲಿ ಇರಲಿಲ್ಲ. ಭಟ್ಟರ ಅಡುಗೆಯಲ್ಲೂ ಇರಲಿಲ್ಲ ನಿಜ. ಆದರೆ ಆ ಎಲೆ ಕಂಡರೆ ಜನ ಹೆದರುತ್ತಾರೆ. ಬಾಣಂತಿಯ ತಟ್ಟೆ ಕಂಡರೆ ಹೆಚ್ಚೆಂದರೆ ನಗುತ್ತಾರೆ. ನಕ್ಕರೆ ನಗಲಿ, ಎದ್ದು ಹೋಗದಿದ್ದರೆ ಸಾಕು ಎಂದು ಅವತ್ತೇ ನಿರ್ಧಾರ ಮಾಡಿದೆ.

ಅಜ್ಜಿಯನ್ನು ಒಪ್ಪಿಸಲು ನಾಲ್ಕು ದಿನ ಬೇಕಾಯಿತು. "ಗಂಡಸರಿಗೆ ಬಾಣಂತಿ ಸಾರು ಇಕ್ಕೋದಾ? ಆಡ್ಕಂಡು ನಗ್ತಾರೆ ಕಣವ್ವ," ಅಂದಳು. ಕಲ್ಲಿನಲ್ಲಿ ಬರೆದಿರುವುದನ್ನು ಪೂರ್ತಿ ಓದಿ ಹೇಳಿದೆ. ಹೆಸರುಕಾಳು ಎಂದಾಗ ತಡೆದಳು. "ಹೆಸರು ತಂಪು. ಬಾಣಂತಿಗೆ ನಾನು ಇಕ್ಕಲ್ಲ. ಆದ್ರೆ ಬಿಸಿಲಾಗೆ ಕೆರೆ ಕೆಲಸ ಮಾಡೋರಿಗೆ ಸರಿಯಾಗದೆ. ಮೆಣಸು ಕಾಯ್ಸುತ್ತೆ, ಹೆಸರು ತಣಿಸುತ್ತೆ. ಬರೆಸಿದೋನು ತಿಳಿದೋನೇಯ." ಆ ಕಲ್ಲನ್ನು ನಾನು ನೂರು ಸಲ ಓದಿದ್ದೆ. ಹೆಸರು ಮೆಣಸು ಎರಡೂ ಒಟ್ಟಿಗೆ ಯಾಕೆ ಇವೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. "ಅಡುಗೆ ಮಾಡ್ತೀನಿ. ನನ್ನೂ ಆ ಗಾಜಿನ ಪೆಟ್ಟಿಗೆಯೊಳಗೆ ಇಕ್ಕಿ ಬಂದೋರಿಗೆಲ್ಲ ತೋರಿಸಬ್ಯಾಡ."

ತಯಾರಿಗೆ ಎರಡು ವಾರ ಹಿಡಿಯಿತು. ಗಿರಣಿ ಅಕ್ಕಿ ಬೇಡ, ಒನಕೆಯಲ್ಲಿ ಕುಟ್ಟಿದ ಕೊಟ್ಟಣದ ಅಕ್ಕಿಯೇ ಆಗಬೇಕು ಎಂದು ಹಟ ಹಿಡಿದೆ. ಒನಕೆ ಸಿಕ್ಕಿತು, ಕುಟ್ಟುವವರು ಸಿಗಲಿಲ್ಲ. ಅಮ್ಮ, ನಾನು, ಅಜ್ಜಿಯ ಸೊಸೆ ಸರದಿಯಲ್ಲಿ ಕುಟ್ಟಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಅಡುಗೆಗೆ ಮಣ್ಣಿನ ಮಡಕೆ ತರಿಸಿದೆ. ಆತುರಕ್ಕೆ ಬಿದ್ದು ಹೊಸ ಮಡಕೆಯನ್ನು ನೇರ ಒಲೆಗೆ ಇಟ್ಟೆ. ಅರ್ಧ ಗಂಟೆಯಲ್ಲಿ ತಳ ಸೀಳಿ ಬೇಳೆಯೆಲ್ಲ ಬೂದಿಗೆ ಸುರಿಯಿತು. ಅಜ್ಜಿ ಬೈಯಲಿಲ್ಲ. ಉಳಿದ ಮಡಕೆಗಳನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮಾರನೆಯ ದಿನ ಗಂಜಿ ಕಾಯಿಸಿ ಪಳಗಿಸಿಕೊಟ್ಟಳು.

ಮೊದಲ ಪ್ರಯೋಗದ ದಿನ ಸಾರು ಚೆನ್ನಾಗಿಯೇ ಕುದಿಯಿತು. ಬಡಿಸಿಕೊಂಡು ನೋಡಿದರೆ ಸೌಟಿನಲ್ಲಿ ಕೆಂಪಗೆ ಏನೋ ತೇಲುತ್ತಿತ್ತು. ಒಣಮೆಣಸಿನಕಾಯಿ. ಸೊಸೆ ನಾಲಿಗೆ ಕಚ್ಚಿಕೊಂಡಳು. "ಒಗ್ಗರಣೆ ಅಂದ್ಕೂಡ್ಲೆ ಕೈ ತಾನೇ ಹೋಯ್ತು ಕಣಕ್ಕ." ಆ ಮಡಕೆಯ ಸಾರನ್ನು ನಾವೇ ಕುಡಿದು ಮುಗಿಸಿದೆವು. ಆಮೇಲೆ ಮನೆಯ ಒಗ್ಗರಣೆ ಡಬ್ಬಿಯನ್ನು ಅಡುಗೆಯ ಜಾಗಕ್ಕೆ ತರುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದೆ. ಬೇಕಾದ ಪದಾರ್ಥವನ್ನು ನಾನೇ ಅಳೆದು, ಪಟ್ಟಿ ನೋಡಿ ಕೊಡುತ್ತಿದ್ದೆ. ಅಜ್ಜಿ ನನಗೆ ಉಗ್ರಾಣದ ಗೌಡ್ತಿ ಎಂದು ಹೆಸರಿಟ್ಟಳು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ತೆಂಗಿನಕಾಯಿ. ಕಲ್ಲಿನಲ್ಲಿ ಅದರ ಹೆಸರಿಲ್ಲ. ಆ ಕಾಲಕ್ಕೆ ತೆಂಗಿನ ತೋಟಗಳು ಇದ್ದದ್ದು ನಿಜ, ಆದರೆ ಕೆರೆ ಕೆಲಸದವನ ಎಲೆಗೆ ಕಾಯಿ ಬರುತ್ತಿತ್ತೇ ಎಂದರೆ ನನ್ನ ಹತ್ತಿರ ಆಧಾರವಿಲ್ಲ. ಅಪ್ಪನಿಗೆ ಹೇಳಿದಾಗ ಅವನು ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟ. "ತೆಂಗಿನ ಸೀಮೇಲಿ ಕಾಯಿ ಹಾಕದೆ ಊಟವಾ? ನಿನ್ನ ಓದಿಸಿದ್ದೇ ಈ ಕಾಯಿ ಕಣೇ."

"ಅದಕ್ಕೇ ಸುಳ್ಳು ಹೇಳಬಾರದು ಕಣಪ್ಪ."

ಅವನು ಮತ್ತೆ ಕಾಯಿ ಕೈಗೆತ್ತಿಕೊಂಡು, "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಹೇಳು. ಅದ್ಕೂ ಒಂದು ಜಾಗ ಕೊಡು," ಅಂದ. ಅವನು ಹೇಳಿದಂತೆಯೇ ಮಾಡಿದೆ. ಅಡುಗೆಗೆ ಕಾಯಿ ಸೇರಿಸಲಿಲ್ಲ. ಎಲೆಯ ತುದಿಯಲ್ಲಿ ಒಂದು ಚೂರು ಹಸಿಕಾಯಿ ಇಟ್ಟು, ಬಡಿಸುವಾಗ, 'ಇದು ಇತ್ತೋ ಇಲ್ಲವೋ ನಮಗೆ ಗೊತ್ತಿಲ್ಲ. ತಿನ್ನುವುದು ನಿಮ್ಮ ಇಷ್ಟ' ಎಂದು ಹೇಳುವುದೆಂದು ಗೊತ್ತು ಮಾಡಿದೆ. ಪಲ್ಯ, ವಡೆ, ಉಂಡೆ ಎಲ್ಲವನ್ನೂ ಕೈಬಿಟ್ಟೆ. ಕಲ್ಲಿನಲ್ಲಿ ಇದ್ದದ್ದು ಮತ್ತು ಅದನ್ನು ಬೇಯಿಸಲು ಬೇಕೇಬೇಕಾದ ಬೆಳ್ಳುಳ್ಳಿ, ಜೀರಿಗೆ, ಹುಣಿಸೆ, ಇಷ್ಟು ಮಾತ್ರ.

ಕ್ರಮವನ್ನೂ ತಿರುಗಿಸಿದೆ. ಮೊದಲ ಸಲ ಊಟ ಮುಂದೆ, ಕಲ್ಲು ಹಿಂದೆ ಆಗಿತ್ತು. ಈ ಸಲ ಕಲ್ಲು ಓದದೆ ಯಾರಿಗೂ ಎಲೆ ಇಲ್ಲ.

ಕಡೆಗೆ ಸಾಹುಕಾರರನ್ನು ಕರೆಯಬೇಕಿತ್ತು. ಮಂಡಿಗೆ ಹೋದೆ. ಕೊಬ್ಬರಿ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತಿ ಬಳಸದೆ ಹೇಳಿದೆ. "ಅವತ್ತು ತಪ್ಪು ನನ್ನದು. ಈ ಸಲ ಬಾಣಂತಿ ಅಡುಗೆ. ನೀವು ಬರದಿದ್ದರೆ ಊರಲ್ಲಿ ಇನ್ಯಾರೂ ಬರಲ್ಲ. ಅಧಿಕಾರಿ ಖಾಲಿ ಅಂಗಳ ನೋಡಿಕೊಂಡು ಹೋಗ್ತಾರೆ. ಕಲ್ಲು ಜಿಲ್ಲೆಗೆ ಹೋಗುತ್ತೆ."

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. "ಮೊದ್ಲು ತಿಥಿ ಮಾಡಿದೆ, ಈಗ ಬಾಣಂತನವಾ? ಎಲ್ಲಾ ತಲೆಕೆಳಗು ಕಣಮ್ಮ ನಿಂದು." ಆಮೇಲೆ ಕೇಳಿದರು, "ಅಡುಗೆ ಯಾರು?" ಅಜ್ಜಿಯ ಹೆಸರು, ಊರು ಹೇಳಿದೆ. ನಮ್ಮ ಕಡೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಅದಕ್ಕೂ ಉತ್ತರ ಹೇಳಿ, ಪಂಕ್ತಿ ಎಲ್ಲರಿಗೂ ಒಂದೇ ಎಂದೂ ಸೇರಿಸಿದೆ. ಅವರು ಕೊಬ್ಬರಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ರಾಶಿಗೆ ಎಸೆದರು. "ನನ್ನ ಮೊಮ್ಮಗೀಗೆ ನೀರು ಹುಯ್ದೋಳು ಅವಳೇಯ. ಬತ್ತೀನಿ ಹೋಗು."

ಅಧಿಕಾರಿ ಜೀಪಿನಿಂದ ಇಳಿದಾಗ ಹನ್ನೊಂದೂವರೆ. ಬೆಳಗಿನಿಂದಲೇ ಜನ ಬರುತ್ತಿದ್ದರು. ತಿಥಿಯ ಕಥೆ ಊರೂರಿಗೆ ಹಬ್ಬಿ, ಈ ಸಲ ಏನಾಗುತ್ತದೋ ನೋಡೋಣ ಎಂದು ನೊಣವಿನಕೆರೆಯಿಂದಲೂ ಬಸ್ಸು ಹತ್ತಿ ಬಂದಿದ್ದರು. ನಗಲು ಬಂದವರೇ ಹೆಚ್ಚು. ಸಾಹುಕಾರರು ಹೆಂಡತಿ, ಸೊಸೆಯಂದಿರ ಸಮೇತ ಬಂದಿದ್ದರು.

"ಅರ್ಧ ಗಂಟೆ ಇರ್ತೀನಿ," ಅಂದರು ಅಧಿಕಾರಿ.

ಎಲ್ಲರನ್ನೂ ಶಾಸನದ ಮುಂದೆ ನಿಲ್ಲಿಸಿದೆ. ಒಂದೊಂದು ಸಾಲೂ ಬೆರಳಿಟ್ಟು ಓದಿದೆ. ಅಕ್ಕಿ ಎಂದಾಗ ಕೊಟ್ಟಣದ ಅಕ್ಕಿಯ ಮೊರ ಅವರ ಕೈಯಿಂದ ಕೈಗೆ ದಾಟಿತು. ಹೆಸರು ಎಂದಾಗ ಹೆಸರು. ಮೆಣಸು ಎಂದಾಗ ಒರಳಿನ ಹತ್ತಿರ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಂದಲೂ ನಾಲ್ಕು ನಾಲ್ಕು ಏಟು ಕುಟ್ಟಿಸಿದೆ. ಇದು ಅಂಗಳಕ್ಕೆಂದು ತಂದ ಬೇರೆ ಒರಳು. ಸಂಗ್ರಹದ ಒರಳು ಅದರ ಪಕ್ಕದಲ್ಲೇ ಇತ್ತು. ಎರಡರಲ್ಲೂ ಗುಳಿ ಒಂದೇ ಪಕ್ಕಕ್ಕೆ ಹೆಚ್ಚು ಸವೆದಿರುವುದನ್ನು ಕಂಡು ಒಬ್ಬ ಹೆಂಗಸು, "ಇಕಾ, ಇದು ಬಲಗೈಯೋಳು ರುಬ್ಬಿರೋದು," ಅಂದಳು. ಹತ್ತಾರು ಜನ ಬಗ್ಗಿ ನೋಡಿದರು. ಮೂರು ವರ್ಷದಿಂದ ಆ ಒರಳಿನ ಧೂಳು ಒರೆಸುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ಆಮೇಲೆ ಎಲೆ. ಮುತ್ತುಗದ ಎಲೆಯ ಮೇಲೆ ಕೊಟ್ಟಣದಕ್ಕಿ ಅನ್ನ, ಬೇಯಿಸಿದ ಹೆಸರು, ಮೆಣಸಿನ ಸಾರು, ಮೇಲೆ ತುಪ್ಪ. ಎಲೆಯ ತುದಿಯಲ್ಲಿ ಗೊತ್ತಿಲ್ಲದ ಕಾಯಿಚೂರು. ಮೊದಲ ತುತ್ತಿಗೆ ನಾನು ಸಾಹುಕಾರರ ಕೈಯನ್ನೇ ನೋಡುತ್ತಿದ್ದೆ. ಅವರು ಸಾರನ್ನ ಕಲಸಿ, ತುತ್ತು ನುಂಗಿ, ಪಕ್ಕದ ಹೆಂಡತಿಯ ಕಡೆ ತಿರುಗಿದರು. "ನಮ್ಮ ಮನೇಲಿ ಇಂಥಾದ್ದು ಮಾಡ್ಕಂಡು ನೀವೇ ತಿಂದ್ಬುಟ್ಟಿದ್ದೀರಲ್ಲೇ ಇಷ್ಟ್ ದಿನ."

"ನೀವೂ ಒಂದು ಹೆತ್ತು ಕೊಡಿ, ಇಕ್ತೀವಿ," ಅಂದರು ಆಯಮ್ಮ.

ಅಂಗಳ ಒಡೆದು ಹೋಗುವಂತೆ ನಗು ಎದ್ದಿತು. ಯಾರೂ ಎಲೆ ಬಿಟ್ಟು ಏಳಲಿಲ್ಲ.

ಅಧಿಕಾರಿ ಎರಡು ತುತ್ತು ತಿಂದು, "ಸಪ್ಪೆ ಅನ್ಸುತ್ತೆ. ಒಂಚೂರು ಉಪ್ಪಿನಕಾಯಿ ಇದ್ಯಾ?" ಅಂದರು. ಉಪ್ಪಿನಕಾಯಿಗೆ ಹಾಕುವ ಮೆಣಸಿನಕಾಯಿ ಪುಡಿ ಬರಲು ಇನ್ನೂ ಮುನ್ನೂರು ವರ್ಷ ಕಾಯಬೇಕು ಸರ್ ಎಂದೆ. ಅಷ್ಟರಲ್ಲಿ ಮೆಣಸಿನ ಖಾರ ಹಿಂದಿನಿಂದ ಹತ್ತಿಕೊಂಡು ಬಂತು. ಅವರ ಹಣೆ ಬೆವತಿತು, ಮೂಗು ಸೋರಿತು. ಅಜ್ಜಿ ಬಾಗಿಲಿನಿಂದ ಇಣುಕಿ, "ಯಾಕಪ್ಪ, ಸಪ್ಪೆ ಅಂದಲ್ಲ. ಇನ್ನೊಂದು ಸೌಟು ಬುಡ್ಲಾ?" ಅಂದಳು. ಅವರು ಕರ್ಚೀಫು ಮುಖಕ್ಕೆ ಒತ್ತಿಕೊಂಡೇ ಎಲೆಯನ್ನು ಮುಂದೆ ಸರಿಸಿದರು. ಹೆಸರನ್ನು ಎರಡು ಸಲ ಹಾಕಿಸಿಕೊಂಡರು. ಮೆಣಸಿಗೂ ಹೆಸರಿಗೂ ಇರುವ ನಂಟನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಬೆಲ್ಲದ ಚೂರು, ಮಜ್ಜಿಗೆ, ಅಡಿಕೆ ಎಲೆ ಆದ ಮೇಲೆ ಜನ ಮನೆಗೆ ಹೋಗುತ್ತಾರೆಂದು ತಿಳಿದಿದ್ದೆ. ಅವರು ಹೋಗಲಿಲ್ಲ. ಬಾಯಲ್ಲಿ ಎಲೆ ಮೆಲ್ಲುತ್ತಾ ಮತ್ತೆ ಒಳಗೆ ನುಗ್ಗಿದರು. ಮಡಕೆ ಚೂರನ್ನು ನೋಡಿ ಇದು ಸಾರಿನದೋ ಅನ್ನದ್ದೋ ಎಂದು ವಾದ ಹತ್ತಿತು. ಒಬ್ಬರು ಕಾಯಿಚೂರನ್ನು ತಿನ್ನದೆ ಕೈಯಲ್ಲಿ ಹಿಡಿದುಕೊಂಡು ಬಂದು, ಯಾವ ಕಲ್ಲಲ್ಲಿ ತೆಂಗಿನ ತೋಟದ ವಿಷಯ ಇದೆ ತೋರಿಸಿ ಎಂದರು. ಅರ್ಧ ಗಂಟೆಗೆಂದು ಬಂದಿದ್ದ ಅಧಿಕಾರಿ ಮೂರು ಗಂಟೆಯವರೆಗೂ ಇದ್ದರು.

ಹೊರಡುವ ಮುಂಚೆ ಅವರು ಶಾಸನದ ಮುಂದೆ ನಿಂತು, "ಜಿಲ್ಲೆಯಲ್ಲಿ ಇದಕ್ಕೆ ಒಳ್ಳೇ ಜಾಗ ಇದೆ. ದೀಪ ಇದೆ, ಗಾಜು ಇದೆ," ಎಂದರು. ಸಾಹುಕಾರರು ಪಕ್ಕದಲ್ಲೇ ಇದ್ದರು.

"ಎಲ್ಲಾ ಇರ್ತದೆ ಸ್ವಾಮಿ. ಆ ತೂಬು ಎಲ್ಲದೆ ಹೇಳಿ," ಎಂದು ಕಿಟಕಿಯ ಆಚೆ ಕೆರೆ ಏರಿಯ ಕಡೆ ಕೈ ತೋರಿಸಿದರು. "ಅಗೋ ಅಲ್ಲದೆ. ಇವತ್ತೂ ಅದರಿಂದ್ಲೇ ನೀರು ಬುಡೋದು. ಊಟ ಅದರ ಕೆಲಸದೋರಿಗೆ ಅಂತ ಬರೆದವ್ರೆ. ಕಲ್ಲು ತಗಂಡೋಗಿ ಅಲ್ಲಿ ಯಾರಿಗೆ ಇಕ್ತೀರಾ?"

ಅಧಿಕಾರಿ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಏರಿಯನ್ನು ನೋಡಿದರು. ಆಮೇಲೆ ಸಂದರ್ಶಕರ ಪುಸ್ತಕ ಕೇಳಿದರು. ಅವತ್ತಿನ ಸಹಿಗಳು ಆರು ಪುಟ ದಾಟಿದ್ದವು. ಏಳನೆಯ ಪುಟದಲ್ಲಿ ಅವರು ಬರೆದದ್ದನ್ನು ನಾನು ಅವರ ಭುಜದ ಮೇಲಿನಿಂದಲೇ ಓದಿದೆ. ವಸ್ತುಗಳು ಇರುವ ಜಾಗದಲ್ಲೇ ಇರತಕ್ಕದ್ದು. ಊಟದ ಕ್ರಮವನ್ನು ಮುಂದುವರಿಸತಕ್ಕದ್ದು.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಒಳಗೆ ಹೋಗಿ ಅಜ್ಜಿಗೆ ಹೇಳಿದೆ. ಅವಳು ಮಡಕೆ ಬಳಿಯುತ್ತಿದ್ದವಳು, "ಅಂಗಾರೆ ಮುಂದಿನ ವಾರಕ್ಕೂ ಅಕ್ಕಿ ಕುಟ್ಟಬೇಕು," ಎಂದಳು ಅಷ್ಟೇ.

ಮುಂದಿನ ಭಾನುವಾರ ಮಧ್ಯಾಹ್ನ, ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ, ಬಾಗಿಲಿಗೆ ಒಂದು ಲಾರಿ ಬಂದು ನಿಂತಿತು. ಹಿಂದೆ ಹುಲ್ಲು, ಗೋಣಿ, ಹಗ್ಗ. ಡ್ರೈವರು ಇಳಿದು ಒಂದು ಚೀಟಿ ಚಾಚಿದ. ಕಲ್ಲುಗಳನ್ನು ತುಂಬಿಕೊಂಡು ಬರಲು ಜಿಲ್ಲಾ ಕೇಂದ್ರದವರು ಹೇಳಿದ್ದರಂತೆ. ತಿಂಗಳ ಹಿಂದೆಯೇ ಗೊತ್ತು ಮಾಡಿದ್ದ ಬಾಡಿಗೆ ಅದು, ಬೇಡವೆಂದು ತಿಳಿಸುವುದನ್ನು ಯಾರೋ ಮರೆತಿದ್ದರು. ನಾನು ಪುಸ್ತಕ ತಂದು ಏಳನೆಯ ಪುಟ ತೋರಿಸಿದೆ. ಅವನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಅಷ್ಟು ದೂರದಿಂದ ಬಂದೀನಿ. ಖಾಲಿ ಹೋಗ್ಬೇಕಾ ಮೇಡಂ?"

"ಗಾಡಿ ಖಾಲಿ ಹೋಗುತ್ತೆ. ನೀವು ಹೋಗಲ್ಲ. ಕೈ ತೊಳ್ಕೊಳ್ಳಿ. ಆದ್ರೆ ಮೊದಲು ಒಳಗೆ ಬನ್ನಿ, ಒಂದು ಕಲ್ಲು ಓದಬೇಕು."